ಕರಿಬೇವಿನ ಚಿಗುರು ಹಳದಿ, ನರ ಮಾತ್ರ ಹಸಿರು: ಏನು ಹಾಕಲಿ? ಪಾಟ್‌ನಲ್ಲಿ ಎದ್ದಿರುವ ಸೊಪ್ಪು ಯಾವುದು?

ತಾರಸಿತೋಟ_ತುಮಕೂರು

ಎಲ್ಲರಿಗೂ ನಮಸ್ಕಾರ. ತಾರಸಿ ಮೇಲೆ 14 ಇಂಚಿನ ಪಾಟ್‌ನಲ್ಲಿ ಎರಡು ವರ್ಷದ ಕರಿಬೇವು ಇದೆ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಸಮಸಮ. ಈಗ ಬರುತ್ತಿರುವ ಚಿಗುರೆಲ್ಲ ಹಳದಿ, ಎಲೆಯ ನರ ಮಾತ್ರ ಹಸಿರು. ಕೆಳಗಿನ ಹಳೆ ಎಲೆಗಳು ಚೆನ್ನಾಗಿಯೇ ಇವೆ. ತಿಂಗಳಿಗೊಮ್ಮೆ ಮೊಟ್ಟೆ ಸಿಪ್ಪೆ ಪುಡಿ, ಒಂದು ಹಿಡಿ ಒಲೆ ಬೂದಿ, ವಾರಕ್ಕೊಮ್ಮೆ ಹುಳಿ ಮಜ್ಜಿಗೆ ಹಾಕುತ್ತೇನೆ. ನೀರು ಬೋರ್‌ವೆಲ್‌ದು. ಆರ್‌ಒ ಫಿಲ್ಟರ್‌ನಿಂದ ಹೊರಬರುವ ವೇಸ್ಟ್ ನೀರನ್ನು ಹಿಡಿದಿಟ್ಟು ಹಾಕುವುದೇ ಹೆಚ್ಚು. ಇನ್ನೂ ಯಾವ ಗೊಬ್ಬರ ಕೊಡಬೇಕು?

ಇನ್ನೊಂದು ವಿಷಯ. ಅದೇ ಪಾಟ್‌ನಲ್ಲಿ ಕೆಂಪು ದಂಟಿನ, ನೆಲಕ್ಕೆ ಹರಡುವ ಗಿಡ ತಾನಾಗಿ ಎದ್ದಿದೆ. ಪಕ್ಕದ ಮನೆ ಅಜ್ಜಿ ಗೋಣಿ ಸೊಪ್ಪು, ಸಾರು ಮಾಡು ಅಂತಾರೆ. ಆದರೆ ಕೆಲವು ದಂಟಿನಲ್ಲಿ ಎಲೆ ದಪ್ಪ, ಕೆಲವದರಲ್ಲಿ ತೆಳು. ತಿನ್ನಬಹುದೇ?

ಬೇರುಮಟ್ಟ

ಸದ್ಯಕ್ಕೆ ಯಾವ ಗೊಬ್ಬರವನ್ನೂ ಕೊಡಬೇಡಿ. ಗಿಡಕ್ಕೆ ಊಟ ಕಡಿಮೆಯಾಗಿಲ್ಲ, ಇರುವುದನ್ನು ಬೇರು ಎಳೆದುಕೊಳ್ಳಲು ಆಗುತ್ತಿಲ್ಲ.

ಹಳದಿ ಎಲ್ಲಿಂದ ಶುರುವಾಯಿತು ಅನ್ನುವುದೇ ಇಲ್ಲಿ ಮುಖ್ಯ. ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆ ಎಲೆ ನರಸಮೇತ ಹಳದಿಯಾಗುತ್ತದೆ, ಯಾಕೆಂದರೆ ಗಿಡ ಅದನ್ನು ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಸಾಗಿಸುತ್ತದೆ. ಮೆಗ್ನೀಷಿಯಂ ಕೊರತೆಯೂ ಹಳೆ ಎಲೆಯಲ್ಲೇ ಮೊದಲು ಕಾಣುತ್ತದೆ, ಆದರೆ ನರಗಳ ನಡುವಿನ ಭಾಗ ಮಾತ್ರ ಹಳದಿ. ಕಬ್ಬಿಣ ಹಾಗಲ್ಲ, ಒಮ್ಮೆ ಎಲೆಗೆ ಸೇರಿದ್ದು ಅಲ್ಲಿಂದ ಕದಲುವುದಿಲ್ಲ. ಹಾಗಾಗಿ ಕೊರತೆಯಾದಾಗ ಹಳೆ ಎಲೆ ಹಸಿರಾಗಿಯೇ ಇದ್ದು ಚಿಗುರು ಹಳದಿಯಾಗುತ್ತದೆ. ನೀವು ಬರೆದಿರುವ ಲಕ್ಷಣ ಇದೇ.

ಕೆಮ್ಮಣ್ಣಿನ ಕೆಂಪೇ ಕಬ್ಬಿಣದ್ದು, ಮಣ್ಣಿನಲ್ಲಿ ಅದಕ್ಕೆ ಬರವಿಲ್ಲ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, ಏರಿದಷ್ಟೂ ಕ್ಷಾರ) 7.5 ದಾಟಿದರೆ ಅದು ಕರಗದೆ ಕೂತುಬಿಡುತ್ತದೆ. ಮೊಟ್ಟೆ ಸಿಪ್ಪೆ ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನದೇ ವಸ್ತು. ಬೂದಿಯೂ ಕ್ಷಾರ. ಎಲ್ಲಕ್ಕಿಂತ ಕೆಟ್ಟದ್ದು ಆರ್‌ಒ ವೇಸ್ಟ್ ನೀರು. ಫಿಲ್ಟರ್‌ಗೆ ಹೋದ ನೀರಿನಲ್ಲಿ ಅರ್ಧ ಶುದ್ಧವಾಗಿ ಬಂದರೆ ಉಳಿದರ್ಧದಲ್ಲಿ ಲವಣ ಸುಮಾರು ಎರಡರಷ್ಟಾಗಿರುತ್ತದೆ. ಗಡಸು ಬೋರ್‌ವೆಲ್ ನೀರಿನ ಊರಲ್ಲಿ ಅದನ್ನು ನೆಲ ಒರೆಸಲು ಬಳಸಿ, ಪಾಟ್‌ಗೆ ಬೇಡ.

ಪಾಟ್‌ನ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟಿದೆಯಾ ನೋಡಿ. ಒಂದು ಚಮಚ ಒಣ ಮಣ್ಣಿನ ಮೇಲೆ ಬಿಳಿ ವಿನೆಗರ್ ಹಾಕಿ. ಸುಯ್ ಅಂತ ನೊರೆ ಬಂದರೆ ಸುಣ್ಣ ಸೇರಿದೆ ಎಂದೇ ಅರ್ಥ. ನೊರೆ ಬರದಿದ್ದರೆ ಪಿಎಚ್ ಸರಿಯಾಗಿದೆ ಅಂತಲ್ಲ. ಆಗ 20 ಗ್ರಾಂ ಮಣ್ಣನ್ನು 50 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕಲಕಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಗೆ ಪಿಎಚ್ ಪಟ್ಟಿ ಅದ್ದಿ. ನಲ್ಲಿ ನೀರು ಬಳಸಿದರೆ ಮಣ್ಣಿನ ಬದಲು ನೀರಿನ ಪಿಎಚ್ ತೋರಿಸೀತು.

ಪಾಟ್‌ನ ತಳದ ತೂತನ್ನೂ ಒಮ್ಮೆ ಕಡ್ಡಿ ಹಾಕಿ ನೋಡಿ. ನೀರು ನಿಂತು ಬೇರು ಉಸಿರುಗಟ್ಟಿದರೂ ಚಿಗುರು ಹೀಗೇ ಹಳದಿಯಾಗುತ್ತದೆ. ಆಗ ಏನು ಸಿಂಪಡಿಸಿದರೂ ದಂಡ.

ಹಿತ್ತಲಗಿಡ_ಶಿರಸಿ

ಬೇರುಮಟ್ಟ ಅವರು ಹೇಳಿದ್ದು ಸರಿ. ಸರಿಪಡಿಸುವ ಕೆಲಸಕ್ಕೆ ಬರುತ್ತೇನೆ.

ಮೇಲಿನ ಎರಡು ಮೂರು ಇಂಚು ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಕೆರೆದು ತೆಗೆದುಬಿಡಿ, ಲವಣ ಹೆಚ್ಚು ಕಟ್ಟಿರುವುದು ಅಲ್ಲೇ. ಆ ಜಾಗಕ್ಕೆ ಎರಡು ಪಾಲು ಹೊಸ ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಕಲಸಿ ತುಂಬಿ. ಮಳೆಗಾಲವಾದರೆ ಪಾಟನ್ನು ಮಳೆಗೆ ಒಡ್ಡಿ, ತಳದಿಂದ ನೀರು ಧಾರಾಳವಾಗಿ ಹರಿದುಹೋಗಲಿ. ಮಳೆ ಇಲ್ಲದ ದಿನಗಳಲ್ಲಿ ಎಸಿಯಿಂದ ತೊಟ್ಟಿಕ್ಕುವ ನೀರು ಸಿಕ್ಕರೆ ಅದರಲ್ಲಿ ಲವಣ ಇಲ್ಲವೇ ಇಲ್ಲ ಅನ್ನಬಹುದು.

ಇದಾದ ಮೇಲೆ ಎಲೆಗೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಹರಳು ತಿಳಿಹಸಿರು ಇರಬೇಕು. ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ತರಬೇಡಿ, ಅದು ಗಾಳಿಗೆ ಕೆಟ್ಟಿದ್ದು, ಗಿಡಕ್ಕೆ ಉಪಯೋಗವಿಲ್ಲ. ಒಂದು ಲೀಟರ್ ಮಳೆನೀರಿಗೆ ಅಥವಾ ಕುಡಿಯುವ ಆರ್‌ಒ ನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಕರಗಿಸಿ. ಆಮೇಲೆ 5 ಗ್ರಾಂ ಅನ್ನಭೇದಿ. ಈ ಕ್ರಮ ತಪ್ಪಿಸಬೇಡಿ. ಗಡಸು ನೀರಿಗೆ ನೇರವಾಗಿ ಅನ್ನಭೇದಿ ಸುರಿದರೆ ನೀರು ಕಂದಾಗಿ ಕಬ್ಬಿಣ ತಳಕ್ಕೆ ಇಳಿಯುತ್ತದೆ.

ಮೊದಲ ಸಲ 2.5 ಗ್ರಾಂನಲ್ಲಿ ಒಂದೇ ಕೊಂಬೆಗೆ ಹೊಡೆದು ನೋಡಿ, ಎಳೆ ಚಿಗುರು ಬೇಗ ಸುಡುತ್ತದೆ. ಎರಡು ದಿನದಲ್ಲಿ ಎಲೆಯಂಚು ಕಪ್ಪಾಗದಿದ್ದರೆ ಪೂರ್ತಿ ಪ್ರಮಾಣಕ್ಕೆ ಹೋಗಿ. ಬಿಸಿಲು ಇಳಿದ ಮೇಲೆ, ಎಲೆಯ ಹಿಂಬದಿಯೂ ನೆನೆಯುವಂತೆ, 10 ದಿನಕ್ಕೊಮ್ಮೆ ಮೂರು ಸಲ ಸಾಕು. ಕಲಸಿದ್ದನ್ನು ಅವತ್ತೇ ಮುಗಿಸಿ. ಪಾಟನ್ನು ಹಳೆ ಗೋಣಿಚೀಲದ ಮೇಲೆ ಇಟ್ಟು ಹೊಡೆಯಿರಿ, ಟೈಲ್ಸ್ ಮೇಲೆ ಬಿದ್ದ ಹನಿಯ ತುಕ್ಕಿನ ಕಲೆ ಸುಲಭಕ್ಕೆ ಹೋಗುವುದಿಲ್ಲ. ಅಡುಗೆಗೆ ಬೇಕಾದ ಎಲೆಯನ್ನು ಮೊದಲೇ ಕಿತ್ತಿಟ್ಟುಕೊಳ್ಳಿ.

ಪೂರಾ ಹಳದಿಯಾದ ಎಲೆ ಮತ್ತೆ ಕಡುಹಸಿರಾಗಲಿಕ್ಕಿಲ್ಲ. ಮುಂದೆ ಬರುವ ಚಿಗುರನ್ನು ನೋಡಿ ತೀರ್ಮಾನಿಸಿ. ಮಣ್ಣಿನ ಪಿಎಚ್ ಇಳಿಸಲು ಗಂಧಕದ ಪುಡಿ ಒಂದು ಚಮಚ ಮೇಲ್ಮಣ್ಣಿಗೆ ಬೆರೆಸಬಹುದು. ಅದನ್ನು ಆಮ್ಲ ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾ, ಹಾಗಾಗಿ ಫಲ ಕಾಣಲು ತಿಂಗಳುಗಳೇ ಬೇಕು.

ಮಜ್ಜಿಗೆ ವಿಷಯ: ಅದು ಕರಿಬೇವಿಗೆ ಒಳ್ಳೆಯದೇ, ಸ್ವಲ್ಪ ಸಾರಜನಕ, ಸ್ವಲ್ಪ ಆಮ್ಲ ಎರಡೂ ಇದೆ. ಆದರೆ ಪಾಟ್ ತುಂಬ ಸುಣ್ಣ ಹಾಕಿ ಮೇಲೆ ಮಜ್ಜಿಗೆ ಹೊಯ್ದರೆ ಆ ಹುಳಿ ಯಾವ ಮೂಲೆಗೂ ಸಾಲದು. ಉಪ್ಪು ಹಾಕದ, ಬೆಣ್ಣೆ ತೆಗೆದ ಮಜ್ಜಿಗೆಗೆ ಹತ್ತರಷ್ಟು ನೀರು ಬೆರೆಸಿ 15 ದಿನಕ್ಕೊಮ್ಮೆ ಕೊಡಿ. ವಾರವಾರ ಗಟ್ಟಿಯಾಗಿ ಸುರಿದರೆ ಮೇಲ್ಮಣ್ಣು ಹೆಪ್ಪುಗಟ್ಟಿ ಸಣ್ಣ ನೊಣ ಏಳುತ್ತವೆ.

ಸೊಪ್ಪುಸದೆ_ಹಾಸನ

ಸೊಪ್ಪಿನ ಪ್ರಶ್ನೆಗೆ ಉತ್ತರ. ದಪ್ಪ ಎಲೆ, ತೆಳು ಎಲೆ ಎರಡೂ ಕಾಣುತ್ತಿವೆ ಅಂದರೆ ನಿಮ್ಮ ಪಾಟ್‌ನಲ್ಲಿ ಎರಡು ಗಿಡ ಹೆಣೆದುಕೊಂಡಿವೆ. ಅಜ್ಜಿ ಹೇಳಿದ್ದು ಒಂದಕ್ಕೆ ಮಾತ್ರ ಸರಿ ಇರಬೇಕು.

ದಂಟನ್ನು ಉಗುರಿನಿಂದ ಚಿವುಟಿ. ನೀರಿನಂಥ ಲೋಳೆ ಬಂದರೆ ಗೋಣಿ ಸೊಪ್ಪು, ಬಿಳಿ ಹಾಲು ಬಂದರೆ ಯುಫೋರ್ಬಿಯಾ ಜಾತಿಯ ಹಾಲುಗಿಡ. ಅದನ್ನು ತಿನ್ನುವುದಿರಲಿ, ಹಾಲು ಕಣ್ಣಿಗೆ ತಾಗಿದರೂ ಉರಿ, ಕೈ ತೊಳೆದುಕೊಳ್ಳಿ. ಗೋಣಿಯ ದಂಟು ನುಣುಪು, ರೋಮ ಇಲ್ಲ. ಎಲೆ ಚಮಚದ ಆಕಾರ, ತುದಿಯಲ್ಲಿ ಗೊಂಚಲಾಗಿ ಕೂತಿರುತ್ತದೆ. ಹೂವು ಹಳದಿ, ಬಿಸಿಲು ಏರಿದಾಗ ಸ್ವಲ್ಪ ಹೊತ್ತು ಅರಳುತ್ತದೆ. ಕಾಯಿ ಬಲಿತಾಗ ಮೇಲಿನ ಅರ್ಧ ಮುಚ್ಚಳದಂತೆ ಕಳಚಿ ಒಳಗೆ ಕಪ್ಪು ಬೀಜ ಕಾಣುತ್ತದೆ. ಹಾಲುಗಿಡದ ಎಲೆ ತೆಳು, ಎದುರುಬದುರು ಜೋಡಿ, ಬುಡದಲ್ಲಿ ಒಂದು ಪಕ್ಕ ಸೊಟ್ಟ. ದಂಟಿನಲ್ಲಿ ಸಾಮಾನ್ಯವಾಗಿ ರೋಮ, ಕಾಯಿ ಮೂರು ಹೋಳಿನದು.

ಸಾರಿಗೆ ಕೀಳುವಾಗ ಕಂತೆ ಹಿಡಿದು ಎಳೆಯಬೇಡಿ. ಒಂದೊಂದೇ ದಂಟು ಚಿವುಟಿ ನೋಡಿ, ಒಂದು ಕಡ್ಡಿ ಸೇರಿಕೊಂಡರೂ ತಪ್ಪೇ. ಗೋಣಿಯಲ್ಲಿ ಆಕ್ಸಲೇಟ್ ಹೆಚ್ಚು, ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರಿಗೆ ಬೇಡ. ಅನ್ನಭೇದಿ ಹೊಡೆಯುವ ಮುಂಚೆಯೇ ಕಿತ್ತುಬಿಡಿ.

ಗೋಣಿ ಲವಣ ತಡೆದುಕೊಳ್ಳುವ ಗಿಡ. ಕರಿಬೇವು ಸೊರಗುವ ಪಾಟ್‌ನಲ್ಲಿ ಅದು ಸೊಂಪಾಗಿದ್ದರೆ, ಮಣ್ಣಿನ ಬಗ್ಗೆ ಮೇಲೆ ಹೇಳಿದ್ದಕ್ಕೆ ಅದೂ ಹೊಂದುತ್ತದೆ.

ತಾರಸಿತೋಟ_ತುಮಕೂರು

ತುಂಬಾ ಧನ್ಯವಾದ. ವಿನೆಗರ್‌ಗೆ ಚೆನ್ನಾಗಿ ನೊರೆ ಬಂತು, ಅಂಚಿನಲ್ಲಿ ಬಿಳಿ ಪದರವೂ ಇದೆ. ತೂತು ಸರಿಯಾಗಿದೆ. ತೆಳು ಎಲೆಯದರಲ್ಲಿ ಹಾಲು ಬಂತು, ಕಿತ್ತೆಸೆದೆ. ಕೆಲವು ಚಿಗುರು ಮುದುರಿಕೊಂಡು ಜಿಗುಟಾಗಿವೆ, ಇದೂ ಕಬ್ಬಿಣದ್ದೇನಾ? ಮತ್ತೆ ಗೊಬ್ಬರ ಯಾವಾಗ ಶುರು ಮಾಡಲಿ?

ಹಿತ್ತಲಗಿಡ_ಶಿರಸಿ

ಅಲ್ಲ, ಅದು ರಸ ಹೀರುವ ಹುಳು, ಸಿಲ್ಲಿಡ್ ಇರಬೇಕು. ಮುದುರಿದ ತುದಿಗಳನ್ನು ಕತ್ತರಿಸಿ ತೆಗೆಯಿರಿ, ಹೇಗೂ ಪಕ್ಕದಿಂದ ಕವಲೊಡೆಯುತ್ತದೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ. ಎಣ್ಣೆಯನ್ನು ಮೊದಲು ಒಂದೆರಡು ಮಿ.ಲೀ. ದ್ರವ ಸೋಪಿನಲ್ಲಿ ಕಲಸಿಕೊಂಡೇ ನೀರಿಗೆ ಹಾಕಿ, ಇಲ್ಲದಿದ್ದರೆ ತೇಲುತ್ತದೆ. ಅನ್ನಭೇದಿ ಜೊತೆ ಬೆರೆಸಬೇಡಿ, ನಡುವೆ ನಾಲ್ಕೈದು ದಿನ ಅಂತರ ಇರಲಿ.

ಹೊಸ ಚಿಗುರು ಹಸಿರಾಗಿ ಬಂದ ಮೇಲೆ ಗೊಬ್ಬರ. 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ಮೂರು ದಿನ ನೆನೆಸಿ, ಸೋಸಿ, 10 ಲೀಟರ್ ಮಾಡಿಕೊಳ್ಳಿ. ಒದ್ದೆ ಮಣ್ಣಿಗೆ ಒಂದು ಲೀಟರ್, 20 ದಿನಕ್ಕೊಮ್ಮೆ. ಸೋಸದೆ ಹಾಕಿದರೆ ಇರುವೆ ಬರುತ್ತವೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕರಿಬೇವು ಬೆಳವಣಿಗೆ ನಿಧಾನ ಮಾಡುತ್ತದೆ, ಆಗ ಹಿಂಡಿ ನೀರು ನಿಲ್ಲಿಸಿ.