ಎರಡು ವಾಚ್ ಡ್ರಾಯರಿನಲ್ಲಿವೆ, ಮೂರನೆಯದು ಕಾರ್ಟಿನಲ್ಲಿದೆ. ಯಾಕೆ ಹೀಗಾಗುತ್ತದೆ?

ತಿಪಟೂರು_ಟೀಚರ್:

ನನಗೆ 43 ವರ್ಷ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. 2021ರಲ್ಲಿ ಒಂದು ಫಿಟ್‌ನೆಸ್ ಬ್ಯಾಂಡ್ ಆನ್‌ಲೈನ್‌ನಲ್ಲಿ ತಗೊಂಡೆ. 2023ರ ದಸರಾ ಸೇಲ್‌ನಲ್ಲಿ ಒಂದು ಸ್ಮಾರ್ಟ್‌ವಾಚ್. ಎರಡೂ ಈಗ ಬೀರುವಿನ ಡ್ರಾಯರಿನಲ್ಲಿ, ಸೀರೆ ಪಿನ್ನಿನ ಡಬ್ಬಿ ಪಕ್ಕ ಇವೆ. ಕೆಟ್ಟಿಲ್ಲ. ನಾನೇ ಕಟ್ಟಿಕೊಳ್ಳುವುದನ್ನು ಬಿಟ್ಟೆ. ಮೂರನೆಯದು ಹನ್ನೆರಡು ದಿನದಿಂದ ಕಾರ್ಟಿನಲ್ಲಿ ಕೂತಿದೆ.

ಹಗಲು ಹೊತ್ತು ಅದರ ನೆನಪೇ ಬರುವುದಿಲ್ಲ. ರಾತ್ರಿ ಪೇಪರ್ ತಿದ್ದಿ ಮುಗಿಸಿ, ಹನ್ನೊಂದಕ್ಕೆ ಮಲಗಿ ಫೋನ್ ಹಿಡಿದಾಗ ಶುರುವಾಗುತ್ತದೆ. ಸ್ಟ್ರಾಪಿನ ಬಣ್ಣ ಬದಲಾಯಿಸಿ ಬದಲಾಯಿಸಿ ನೋಡುತ್ತೇನೆ. ಮಂಜಿನಲ್ಲಿ ಯಾರೋ ಓಡುತ್ತಿರುವ ಫೋಟೋ ಒಂದಿದೆ. ಅದನ್ನು ನೋಡುವಾಗ, ಬೆಳಿಗ್ಗೆ ಐದಕ್ಕೆ ಎದ್ದು ಕೆರೆ ಏರಿ ಮೇಲೆ ನಡೆಯುತ್ತಿರುವ ನಾನು ಕಣ್ಣ ಮುಂದೆ ಬರುತ್ತೇನೆ. ಆಗಲೇ ನಡೆದು ಬಂದಷ್ಟು ಮೈ ಹಗುರ ಅನ್ನಿಸುತ್ತದೆ. ಹಿಂದಿನ ಎರಡು ಸಲವೂ ಹೀಗೇ ಆಗಿತ್ತು. ಪಾರ್ಸೆಲ್ ಬರುವ ತನಕದ ಮೂರು ನಾಲ್ಕು ದಿನ ನಾನು ತುಂಬಾ ಖುಷಿಯಾಗಿದ್ದೆ. ಬಂದ ಮೇಲಲ್ಲ.

ಈ ಸಲ ಒಂದು ಕೆಲಸ ಮಾಡಿದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ದಿನಾ ಆ ವಾಚಿನ ಬೆಲೆಯನ್ನೂ ಬರೆದಿಟ್ಟೆ. ಗೆರೆ ಹೊಡೆದ 6,999 ಒಂದು ದಿನವೂ ಬದಲಾಗಲಿಲ್ಲ. ಕೆಳಗಿನ ಬೆಲೆ 1,799, 1,699, ಮತ್ತೆ 1,799. ‘ಆಫರ್ ಮುಗಿಯಲು 2 ಗಂಟೆ’ ಅನ್ನುವುದು ಎಂಟು ರಾತ್ರಿ ಬಂತು. ಇಷ್ಟು ಗೊತ್ತಿದ್ದೂ ಒಂಬತ್ತನೇ ರಾತ್ರಿ ಅದನ್ನು ನೋಡಿದಾಗ ಎದೆ ಡವ ಡವ ಅಂದಿತು.

ಇನ್ನೊಂದು ವಿಷಯ. ಅಪ್ಪನಿಗೆ 74. ಶುಗರ್ ಇದೆ. ಬೆರಳು ಚುಚ್ಚಿಸಿಕೊಳ್ಳಲು ಒಪ್ಪುವುದಿಲ್ಲ. ಚುಚ್ಚದೆ ಶುಗರ್ ತೋರಿಸುವ ವಾಚ್ ಅಂತ ಒಂದು ಜಾಹೀರಾತು ಈ ವಾರ ಪದೇ ಪದೇ ಬರುತ್ತಿದೆ. ತಗೊಳ್ಳದಿದ್ದರೆ ಮಗಳಾಗಿ ತಪ್ಪು ಮಾಡಿದ ಹಾಗೆ ಅನ್ನಿಸುತ್ತಿದೆ.

ಯಾವ ವಾಚ್ ಒಳ್ಳೆಯದು ಅಂತ ಕೇಳುತ್ತಿಲ್ಲ. ನಿಮಗೂ ಹೀಗಾಗಿದೆಯಾ? ಹೇಗೆ ಹೊರಗೆ ಬಂದಿರಿ?

ಕುಕ್ಕರಹಳ್ಳಿ_ವಾಕರ್:

ಮೇಡಂ, ಎರಡು ವಾಚ್ ಡ್ರಾಯರಿಗೆ ಯಾಕೆ ಹೋದವು ಅಂತ ಮೊದಲು ನೋಡಿ. ನನ್ನದು ಹೋಗಿದ್ದು 10,000 ಹೆಜ್ಜೆಯ ಕಾರಣದಿಂದ. ದಿನಾ 6,000, 6,500 ಬರುತ್ತಿತ್ತು. ವಾಚಿನಲ್ಲಿ ದಿನದ ಗುರಿ ತೋರಿಸುವ ವೃತ್ತ ತುಂಬುತ್ತಿರಲಿಲ್ಲ. ದಿನಾ ಫೇಲ್ ಆದ ಹಾಗೆ. ಕೊನೆಗೆ ಬಿಚ್ಚಿಟ್ಟೆ. ಆಮೇಲೆ ಹೊಸ ವಾಚ್ ಹುಡುಕಲು ಶುರು ಮಾಡಿದೆ. ಸೋತ ಲೆಕ್ಕ ಹಳೆಯದರಲ್ಲಿ ಉಳಿಯುತ್ತದೆ, ಹೊಸದರಲ್ಲಿ ಸೊನ್ನೆಯಿಂದ ಶುರು ಅಲ್ವಾ?

ಆ 10,000 ಯಾವ ಡಾಕ್ಟರೂ ಅಳೆದು ಹೇಳಿದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಆದ ಮರು ವರ್ಷ, 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಹೆಸರು ‘ಮಾನ್‌ಪೋ ಕೇ’. ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಮಾರುವುದಕ್ಕೆ ಇಟ್ಟ ಹೆಸರು ನಮ್ಮ ಮಣಿಕಟ್ಟಿಗೆ ಗುರಿಯಾಗಿ ಬಂದು ಕೂತಿದೆ. 2019ರಲ್ಲಿ ಅಮೆರಿಕದಲ್ಲಿ ಸುಮಾರು 17,000 ವಯಸ್ಸಾದ ಹೆಂಗಸರ ಹೆಜ್ಜೆ ಲೆಕ್ಕ ಹಾಕಿದ ಅಧ್ಯಯನ ಬಂತು. ದಿನಕ್ಕೆ 4,400 ನಡೆದವರಲ್ಲೇ ಸಾವಿನ ಪ್ರಮಾಣ, 2,700 ನಡೆದವರಿಗಿಂತ ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಇದನ್ನು ಓದಿದ ದಿನ ನಾನು ಹಳೆಯ ವಾಚಿನ ಗುರಿಯನ್ನು 6,000ಕ್ಕೆ ಇಳಿಸಿದೆ. ಇವತ್ತಿಗೂ ಅದೇ ವಾಚ್ ಕೈಯಲ್ಲಿದೆ.

ಹಿಂದೆ_ಕಾಲ್‌ಸೆಂಟರ್:

ನಾನು ಎರಡು ವರ್ಷ ಇಂಥ ವಾಚ್ ಮಾರುವ ಒಂದು ಕಂಪನಿಯ ದೂರು ವಿಭಾಗದಲ್ಲಿ ಫೋನ್ ಎತ್ತುತ್ತಿದ್ದೆ. ಹೆಸರು ಬೇಡ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

6,999 ಅಲ್ಲಿ ಇರುವುದು ಯಾರಾದರೂ ಕೊಡಲಿ ಅಂತಲ್ಲ. ನಿಮ್ಮ ಕಣ್ಣು ಮೊದಲು ಅದರ ಮೇಲೆ ಬೀಳಲಿ ಅಂತ. ಆಮೇಲೆ 1,799 ಖರ್ಚಿನ ಹಾಗೆ ಕಾಣುವುದೇ ಇಲ್ಲ, 5,200 ಉಳಿಸಿದ ಹಾಗೆ ಕಾಣುತ್ತದೆ. ನಾನು ಮಾತಾಡಿದವರಲ್ಲಿ ಎಷ್ಟೋ ಜನ ‘ಏಳು ಸಾವಿರದ ವಾಚ್ ಹೀಗಾ?’ ಅಂತಲೇ ಬೈಯುತ್ತಿದ್ದರು. ಅವರು ಕೊಟ್ಟಿದ್ದು ಎರಡು ಸಾವಿರದೊಳಗೆ. ಆದರೂ ಮನಸ್ಸಿನಲ್ಲಿ ನಿಂತಿದ್ದು ಗೆರೆ ಹೊಡೆದ ಸಂಖ್ಯೆ.

ಎಂಟು ರಾತ್ರಿ ಮುಗಿಯದ ಆ ಎರಡು ಗಂಟೆ ಬರೀ ಕಿರಿಕಿರಿ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ತಡೆಯಲು ಮಾರ್ಗಸೂಚಿ ಹೊರಡಿಸಿದೆ. ಸುಳ್ಳು ಅವಸರ ಹುಟ್ಟಿಸುವುದು ಆ ಪಟ್ಟಿಯ ಮೊದಲನೆಯದು. ನಿಮ್ಮ ಕ್ಯಾಲೆಂಡರ್ ಲೆಕ್ಕ ಒಳ್ಳೆಯ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದುಕೊಂಡು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಇನ್ನು ವಾಪಸ್ ಕೊಡುವ ವಿಷಯ. ‘ಇಷ್ಟವಾಗದಿದ್ದರೆ ವಾಪಸ್ ಕೊಟ್ಟರಾಯಿತು’ ಅಂತ ಎಲ್ಲರೂ ತರಿಸುತ್ತಾರೆ. ಆದರೆ ಒಮ್ಮೆ ಕಟ್ಟಿಕೊಂಡು, ಹೆಸರು, ಎತ್ತರ, ತೂಕ ಎಲ್ಲ ಹಾಕಿದ ಮೇಲೆ ಅದು ನಮ್ಮದಾಗಿಬಿಡುತ್ತದೆ. 1990ರಲ್ಲಿ ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ಕಾನೆಮನ್ ಮತ್ತು ಜೊತೆಯವರು ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಸುಮ್ನೆ ಒಂದೊಂದು ಕಾಫಿ ಮಗ್ ಕೊಟ್ಟು ನೋಡಿದ್ದರು. ಮಗ್ ಸಿಕ್ಕವರು ಮಾರಲು ಕೇಳಿದ ಬೆಲೆ, ಸಿಗದವರು ಕೊಳ್ಳಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟು! ಮಗ್ಗೇ ಹಾಗಾದರೆ ದಿನವಿಡೀ ಮೈಗೆ ಅಂಟಿಕೊಂಡಿರುವ ವಾಚ್?

ರಿವ್ಯೂ ಓದುವುದಿದ್ದರೆ ಡಬ್ಬಿ ಬಿಚ್ಚಿದ ದಿನದ ಐದು ಸ್ಟಾರ್ ಬಿಟ್ಟುಬಿಡಿ. ಆರು ತಿಂಗಳು ಕಟ್ಟಿದವರು ಏನು ಹೇಳಿದ್ದಾರೆ ಅಂತ ಹುಡುಕಿ.

ಲ್ಯಾಬ್_ಹಾಸನ:

ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಪ್ಪನ ವಿಷಯಕ್ಕೆ ಮಾತ್ರ ಬರೆಯುತ್ತಿದ್ದೇನೆ. ದಯವಿಟ್ಟು ಆ ವಾಚ್ ತಗೋಬೇಡಿ.

ವಾಚಿನ ಹಿಂದೆ ಮಿನುಗುವ ಹಸಿರು ಬೆಳಕು ಚರ್ಮದ ಕೆಳಗೆ ರಕ್ತ ಹರಿಯುವ ಏರಿಳಿತ ನೋಡಿ ನಾಡಿ ಎಣಿಸುತ್ತದೆ. ಅದು ಸಕ್ಕರೆ ಅಳೆಯುವುದಿಲ್ಲ. ಚುಚ್ಚದೆ ಶುಗರ್ ಅಳೆಯುವ ಯಾವ ಸ್ಮಾರ್ಟ್‌ವಾಚ್‌ಗೂ, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಅಂತ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ತೋಳಿಗೆ ಅಂಟಿಸುವ ಸಿಜಿಎಂ, ಅಂದರೆ ಶುಗರನ್ನು ಸತತವಾಗಿ ಅಳೆಯುವ ಸಾಧನ, ಬೇರೆ. ಅದರಲ್ಲಿ ಕೂದಲೆಳೆಯಂಥ ತಂತು ಚರ್ಮದೊಳಗೆ ಇರುತ್ತದೆ.

ಭಯ ಯಾಕೆ ಅಂದರೆ, ಶುಗರ್ 60ಕ್ಕೆ ಇಳಿದಾಗಲೂ ಆ ವಾಚ್ 110 ಅಂತ ತೋರಿಸಬಹುದು. ಅಪ್ಪ ನಂಬಿ ಮಲಗಿಬಿಡುತ್ತಾರೆ. ಸುಳ್ಳು ಸಂಖ್ಯೆ ನೋಡಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿದರೆ ಪ್ರಾಣಕ್ಕೇ ಕುತ್ತು. ನಿಮ್ಮ ಪ್ರೀತಿಯನ್ನು ಹಿಡಿದು ಮಾರುವ ಜಾಹೀರಾತು ಅದು. ಅಪ್ಪನಿಗೆ ಬೆರಳಿನ ತುದಿಯ ಬದಲು ಪಕ್ಕದಲ್ಲಿ ಚುಚ್ಚಿ ನೋಡಿ. ನೋವು ತುಂಬಾ ಕಡಿಮೆ. ಚುಚ್ಚುವ ಪೆನ್ನಿನ ಆಳವನ್ನೂ ಕಡಿಮೆ ಮಾಡಬಹುದು.

ತಿಪಟೂರು_ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಅಪ್ಪನ ಉಂಗುರ ಬೆರಳಿನ ಪಕ್ಕದಲ್ಲಿ ಚುಚ್ಚಿದೆ. ‘ಆಯ್ತಾ?’ ಅಂದರು. 148 ಇತ್ತು. ಆ ಜಾಹೀರಾತನ್ನು ರಿಪೋರ್ಟ್ ಮಾಡಿದೆ.

ಕಾರ್ಟಿನಿಂದ ವಾಚ್ ತೆಗೆದೆ. ತೆಗೆಯುವಾಗ ನಿಜವಾಗಿ ಬೇಜಾರಾಯಿತು. ವಾಚಿಗಲ್ಲ, ಕೆರೆ ಏರಿಯ ಮೇಲೆ ನಡೆಯುವ ಆ ಹೆಂಗಸನ್ನೂ ತೆಗೆದುಬಿಟ್ಟೆನಾ ಅಂತ. ಆ ಸಂಕಟಕ್ಕೇ ಇವತ್ತು ಬೆಳಿಗ್ಗೆ ಬರಿಗೈಯಲ್ಲಿ ಹೋಗಿ ನಡೆದು ಬಂದೆ. ಎಷ್ಟು ಹೆಜ್ಜೆಯೋ ಗೊತ್ತಿಲ್ಲ. ಹೋಗಿ ಬರುವುದಕ್ಕೆ ನಲವತ್ತು ನಿಮಿಷ ಆಯಿತು.

2023ರ ವಾಚನ್ನು ಮತ್ತೆ ಕಟ್ಟಿ, ಗುರಿ 5,000 ಇಟ್ಟು ನೋಡಬೇಕು ಅಂತಿದ್ದೇನೆ. ಆದರೆ ಅದರ ಮ್ಯಾಗ್ನೆಟ್ ಚಾರ್ಜರ್ ಕಳೆದುಹೋಗಿದೆ. ಬೇರೆ ಕಂಪನಿಯದು ಹಾಕಿದರೆ ಆಗುತ್ತದಾ?

ಹಿಂದೆ_ಕಾಲ್‌ಸೆಂಟರ್:

ಆಗುತ್ತದೆ, ಆದರೆ ವಾಚಿನ ಹಿಂದಿರುವ ಎರಡು ಪಿನ್ನುಗಳ ನಡುವಿನ ಅಂತರ ನೋಡಿ ತಗೊಳ್ಳಿ. ಸಾಮಾನ್ಯವಾಗಿ 2.84 ಮಿ.ಮೀ. ಇಲ್ಲವೇ 4 ಮಿ.ಮೀ. ಇರುತ್ತದೆ. ವಾಚನ್ನೇ ಮೊಬೈಲ್ ಅಂಗಡಿಗೆ ತಗೊಂಡು ಹೋಗಿ, ಅಂಟಿಸಿ ನೋಡಿ ತನ್ನಿ. ಇದನ್ನು ಆನ್‌ಲೈನ್‌ನಲ್ಲಿ ಹುಡುಕಬೇಡಿ ಮೇಡಂ, ಅದರಲ್ಲೂ ರಾತ್ರಿ ಹನ್ನೊಂದಕ್ಕೆ.