ಶಿರಸಿ ಹತ್ತಿರ ಸ್ಪೀಚ್ ಥೆರಪಿಸ್ಟ್ ಹುಡುಕುವುದು ಹೇಗೆ?

ಪ್ರಶ್ನೆ | ಶಿರಸಿ
ಮಗಳಿಗೆ ಎರಡೂವರೆ ವರ್ಷ. ಹೇಳಿದ್ದು ತಿಳಿಯುತ್ತದೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ, ಆಡುವುದು ಮಾತ್ರ ಐದಾರು ಶಬ್ದ. ಮನೆಯಲ್ಲಿ ಹವಿಗನ್ನಡ, ಅಕ್ಕಪಕ್ಕ ಕೊಂಕಣಿ. ಥೆರಪಿಸ್ಟ್ ಎಲ್ಲಿ ಸಿಗ್ತಾರೆ? ವಾರವಾರ ಹುಬ್ಬಳ್ಳಿಗೆ ಹೋಗುವುದು ಕಷ್ಟ.

ಉತ್ತರ | ಕುಮಟಾ
ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೇಳಿಸದ ಮಕ್ಕಳೂ ಮುಖ, ಕೈಸನ್ನೆ ನೋಡಿಯೇ ಎಷ್ಟೋ ಅಂದಾಜು ಮಾಡುತ್ತವೆ. ಪದೇಪದೇ ಶೀತವಾಗಿ ಕಿವಿತಮಟೆಯ ಹಿಂದೆ ನೀರು ನಿಂತರೂ ಮಾತು ಹಿಂದೆ ಬೀಳಬಹುದು. ಇಎನ್‌ಟಿ ಡಾಕ್ಟರಿಗೆ ತೋರಿಸಿ, ಟಿಂಪನೋಮೆಟ್ರಿ (ತಮಟೆಯ ಹಿಂದೆ ನೀರಿದೆಯೇ ನೋಡುವ ಪರೀಕ್ಷೆ), ಒಎಇ (ಒಳಕಿವಿ ಶಬ್ದಕ್ಕೆ ಸ್ಪಂದಿಸುತ್ತದೆಯೇ ನೋಡುವ ಪರೀಕ್ಷೆ) ಕೇಳಿ. ಬೇಕೆಂದರೆ ಬೆರಾ (ಶಬ್ದಕ್ಕೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯೇ ಎಂದು ತಲೆಗೆ ಎಲೆಕ್ಟ್ರೋಡ್ ಅಂಟಿಸಿ ನೋಡುವ ಪರೀಕ್ಷೆ) ಬರೆದುಕೊಡುತ್ತಾರೆ. ಬೆರಾ ಮಾಡುವುದು ಮಗು ಮಲಗಿದ್ದಾಗ. ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡಬೇಡಿ. ದಾರಿಯಲ್ಲೇ ನಿದ್ದೆ ಮುಗಿದರೆ ಅಲ್ಲಿ ಮಲಗುವುದಿಲ್ಲ, ಇನ್ನೊಂದು ದಿನ ಹೋಗಬೇಕಾಗುತ್ತದೆ. ಅಂದು ತಲೆಗೆ ಎಣ್ಣೆ ಬೇಡ, ಎಲೆಕ್ಟ್ರೋಡ್ ಅಂಟುವುದಿಲ್ಲ.

ಕೊಂಕಣಿ ಕಿವಿಗೆ ಬೀಳುವುದರಿಂದ ಮಾತು ತಡವಾಗುವುದಿಲ್ಲ. ಯಾವ ಭಾಷೆಯನ್ನೂ ನಿಲ್ಲಿಸಬೇಡಿ.

ಉತ್ತರ | ಕಾರವಾರ
ಅಂಗನವಾಡಿಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ವರ್ಷಕ್ಕೆ ಎರಡು ಸಲ ಬರಬೇಕು. ಅವರ ಚೀಟಿ ಹಿಡಿದು ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ) ಹೋದರೆ ತಪಾಸಣೆ ಉಚಿತ. ಹುದ್ದೆ ಖಾಲಿ ಇರುವುದುಂಟು. ಸ್ಪೀಚ್ ಥೆರಪಿಸ್ಟ್ ಯಾವ ದಿನ ಇರುತ್ತಾರೆಂದು ಫೋನಿನಲ್ಲಿ ಕೇಳಿಕೊಂಡೇ ಘಟ್ಟ ಇಳಿಯಿರಿ. ಖಾಸಗಿಯವರಾದರೆ ಬಿಎಎಸ್‌ಎಲ್‌ಪಿ ಅಥವಾ ಎಂಎಎಸ್‌ಎಲ್‌ಪಿ (ವಾಕ್-ಶ್ರವಣದ ಪದವಿ, ಸ್ನಾತಕೋತ್ತರ ಪದವಿ) ಓದಿದ್ದಾರೆಯೇ ಕೇಳಿ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಪಡೆದು ಅದರ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ. ಕೇಳಿದರೆ ಸಿಡುಕುವವರು ಬೇಡ. ಮೈಸೂರಿನ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿ, ಮುಂದಿನ ಥೆರಪಿ ಆನ್‌ಲೈನ್ ಆಗುತ್ತದೆಯೇ ವಿಚಾರಿಸಿ.

ಪ್ರಶ್ನೆ | ಶಿರಸಿ
ಇಷ್ಟು ಚಿಕ್ಕವಳು ಮೊಬೈಲ್ ಮುಂದೆ ಕೂರ್ತಾಳಾ?

ಉತ್ತರ | ಕುಮಟಾ
ಅವಳು ಕೂರಬೇಕಿಲ್ಲ. ಈ ವಯಸ್ಸಿಗೆ ಥೆರಪಿಸ್ಟ್ ಕಲಿಸುವುದು ನಿಮಗೆ. ಮೊಬೈಲನ್ನು ಸ್ಟ್ಯಾಂಡಿಗಿಟ್ಟು, ನೆಲದ ಮೇಲೆ ಅವಳ ಜೊತೆ ಆಡಿ. ಅವರು ನೋಡಿ ತಿದ್ದುತ್ತಾರೆ. ಬಾಳೆಹಣ್ಣು ತೋರಿಸಿದಳು ಅನ್ನಿ. 'ಏನಿದು, ಹೇಳು' ಅಂತ ಒತ್ತಾಯಿಸಬೇಡಿ. ಹಣ್ಣನ್ನು ನಿಮ್ಮ ಮುಖದ ಹತ್ತಿರ ಹಿಡಿದು 'ಹಣ್ಣು' ಎಂದು ಹೇಳಿ, ಆಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. 'ಅಣ್' ಅಂದರೂ ಕೊಡಿ; ಸುಮ್ಮನಿದ್ದರೆ ಇನ್ನೊಮ್ಮೆ ಹೇಳಿ ಕೊಟ್ಟುಬಿಡಿ, ಅಳಿಸಬೇಡಿ. ಹೆಚ್ಚಿನವರು ಸೋಲುವುದು ಆ ಐದು ಎಣಿಕೆಯಲ್ಲೇ, ಮಗು ಬಾಯಿ ತೆರೆಯುವ ಮೊದಲೇ ತಾವೇ ಮಾತಾಡಿಬಿಡುತ್ತಾರೆ. ಊಟ, ಸ್ನಾನದ ಹೊತ್ತಿಗೆಲ್ಲ ಇದನ್ನೇ ಮಾಡಿ. ಪಾಲಕರನ್ನು ಹೊರಗೆ ಕೂರಿಸಿ, ಮನೆಗೆ ಏನೂ ಹೇಳಿಕೊಡದ ಕಡೆ ದುಡ್ಡು ಕಟ್ಟಬೇಡಿ.