ಫೈಲ್ ಅಳಿಸಿದರೂ ಡಿಸ್ಕ್ ಖಾಲಿ ಆಗ್ತಿಲ್ಲ, ಹಳೆ ಹುಡುಗರ ಅಕೌಂಟ್ ಏನು ಮಾಡಲಿ?

ಪ್ರಶ್ನೆ, ದಾವಣಗೆರೆಯಿಂದ

ನಮಸ್ಕಾರ. ಇಲ್ಲಿನ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಒಂದೇ ಲಿನಕ್ಸ್ ಸರ್ವರ್, ಎಲ್ಲಾ ಒಂದೇ ಪಾರ್ಟಿಶನ್‌ನಲ್ಲಿ, ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವಿಧಾನ) ಇಎಕ್ಸ್‌ಟಿ4. ಒಟ್ಟು 180 ಅಕೌಂಟ್, ಅದರಲ್ಲಿ 60 ಹುಡುಗರು ಪಾಸಾಗಿ ಹೋಗಿದ್ದಾರೆ. ನಿನ್ನೆ ಪ್ರಾಕ್ಟಿಕಲ್ ನಡೆಯುತ್ತಿದ್ದಾಗ ಒಬ್ಬ ಹುಡುಗಿ ಪ್ರೋಗ್ರಾಂ ಸೇವ್ ಮಾಡಿದಳು, ನೋಡಿದರೆ ಫೈಲ್ ಸೊನ್ನೆ ಬೈಟ್. ಒಂದೂವರೆ ಗಂಟೆ ಬರೆದದ್ದು ಹೋಯಿತು, ಪಾಪ ಅಳೋದೊಂದು ಬಾಕಿ. ಡಿಸ್ಕ್ 100% ತುಂಬಿತ್ತು. ಹುಡುಕಿದಾಗ 62 ಜಿಬಿಯ ಒಂದು ಲಾಗ್ ಫೈಲ್ ಸಿಕ್ಕಿತು, ಆರ್‌ಎಂ (ಅಳಿಸುವ ಕಮಾಂಡ್) ಹೊಡೆದೆ. ಆದರೂ ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ಅದೇ 435 ಜಿಬಿ ಅನ್ನುತ್ತಿದೆ, ಫೈಲ್‌ಗಳ ಗಾತ್ರ ಕೂಡಿಸಿ ಹೇಳುವ ಡಿಯು ಮಾತ್ರ 373 ತೋರಿಸುತ್ತಿದೆ. ಯಾವುದನ್ನು ನಂಬಲಿ? ಹಳೆ 60 ಅಕೌಂಟ್ ಈಗಲೇ ಅಳಿಸಿಬಿಡಲಾ? ನಾಳೆ ಬೆಳಿಗ್ಗೆ ಮತ್ತೊಂದು ಬ್ಯಾಚ್ ಇದೆ.

ಉತ್ತರ 1, ಚಿತ್ರದುರ್ಗದಿಂದ

ಎರಡೂ ನಿಜವೇ ಹೇಳುತ್ತಿವೆ ಸರ್. ಆರ್‌ಎಂ ಅಳಿಸೋದು ಹೆಸರನ್ನು ಮಾತ್ರ. ಆ ಲಾಗ್ ಬರೆಯುತ್ತಿರುವ ಪ್ರೋಗ್ರಾಂ ಫೈಲನ್ನು ಇನ್ನೂ ತೆರೆದೇ ಇಟ್ಟುಕೊಂಡಿದೆ, ಅದು ಬಿಡೋವರೆಗೂ ಜಾಗ ವಾಪಸ್ ಬರೋಲ್ಲ. ಡಿಯು ಹೆಸರು ಹಿಡಿದು ಎಣಿಸುತ್ತದೆ, ಹೆಸರೇ ಇಲ್ಲದ್ದು ಅದಕ್ಕೆ ಕಾಣೋಲ್ಲ. 435ರಲ್ಲಿ 373 ಕಳೆಯಿರಿ, ಸರಿಯಾಗಿ 62 ಅಲ್ವಾ? ರೂಟ್ (ಸರ್ವರಿನ ಅಡ್ಮಿನ್ ಅಕೌಂಟ್) ಆಗಿ 'ಎಲ್‌ಎಸ್‌ಒಎಫ್ +ಎಲ್1' ಕೊಡಿ, 'ಡಿಲೀಟೆಡ್' ಅಂತ ಇರುವ ಸಾಲಿನಲ್ಲಿ ಯಾವ ಪ್ರೋಗ್ರಾಂ ಅಂತ ಗೊತ್ತಾಗುತ್ತದೆ. ಆ ಸರ್ವಿಸ್ ಒಂದನ್ನು ರೀಸ್ಟಾರ್ಟ್ ಮಾಡಿದರೆ ಸಾಕು, ಇಡೀ ಸರ್ವರ್ ಆಫ್ ಮಾಡಬೇಡಿ. ಮುಂದೆ ಇಂಥ ಲಾಗ್ ಅಳಿಸುವ ಬದಲು 'ಟ್ರಂಕೇಟ್ -ಎಸ್ 0' ಕೊಟ್ಟು ಖಾಲಿ ಮಾಡಿ, ಮತ್ತೆ ಹಳೆ ಲಾಗ್‌ಗಳನ್ನು ತಾನಾಗಿ ತೆಗೆಯುವ ಲಾಗ್‌ರೊಟೇಟ್ ಹಾಕಿಡಿ.

ಇನ್ನೊಂದು ಮಾತು. ಇಎಕ್ಸ್‌ಟಿ4 ಸಾಮಾನ್ಯವಾಗಿ 5% ಜಾಗ ರೂಟ್‌ಗೆ ಅಂತ ತೆಗೆದಿಡುತ್ತದೆ. ನಿಮ್ಮ ಡಿಸ್ಕ್ 458 ಇದ್ದರೆ ಸುಮಾರು 23 ಅದಕ್ಕೇ ಹೋಯಿತು. ಹುಡುಗರಿಗೆ 435ಕ್ಕೇ ಬಾಗಿಲು ಮುಚ್ಚಿದ್ದು ಅದಕ್ಕೆ. ಅದಕ್ಕೆ ಕೈ ಹಾಕಬೇಡಿ, ಡಿಸ್ಕ್ ತುಂಬಿದಾಗ ನೀವು ಒಳಗೆ ಹೋಗಿ ಸರಿ ಮಾಡೋಕೆ ಆಗೋದು ಆ ಜಾಗದಿಂದಲೇ.

ಉತ್ತರ 2

ಅಕೌಂಟ್ ವಿಷಯದಲ್ಲಿ ದಯವಿಟ್ಟು ಅವಸರ ಬೇಡ. ಯುನಿಕ್ಸ್‌ಗೆ ಫೈಲ್ ಯಾರದ್ದು ಅಂತ ಗೊತ್ತಿರೋದು ಹೆಸರಿನಿಂದ ಅಲ್ಲ, ಅಕೌಂಟಿನ ನಂಬರಿನಿಂದ. ನಾನು ಮೊದಲಿದ್ದ ಆಫೀಸಿನಲ್ಲಿ ಕೊನೆಗೆ ಸೇರಿದವರು ಬಿಟ್ಟು ಹೋದಾಗ ಅವರ ಅಕೌಂಟ್ ಸುಮ್ನೆ ಯೂಸರ್‌ಡೆಲ್ (ಅಕೌಂಟ್ ಅಳಿಸುವ ಕಮಾಂಡ್) ಮಾಡಿದೆ, ಹಂಚಿಕೊಂಡ ಫೋಲ್ಡರಿನಲ್ಲಿದ್ದ ಅವರ ಫೈಲ್‌ಗಳನ್ನು ನೋಡಲೇ ಇಲ್ಲ. ವಾರದ ನಂತರ ಹೊಸ ಹುಡುಗ ಸೇರಿದ, ಅವನಿಗೆ ಹಳಬರ ಅದೇ ನಂಬರ್ 1043 ಸಿಕ್ಕಿತು. ಹಳಬರ ಸಂಬಳದ ಶೀಟ್ ಎಲ್ಲಾ ಅವನ ಹೆಸರಲ್ಲಿ! ಅವನೇ ಬಂದು ಹೇಳಿದ, ಒಳ್ಳೆ ಹುಡುಗ.

ಮೊದಲು ಬಾಗಿಲು ಹಾಕಿ. 'ಯೂಸರ್‌ಮಾಡ್ -ಎಲ್' ಪಾಸ್‌ವರ್ಡ್ ಮಾತ್ರ ಮುಚ್ಚುತ್ತದೆ, ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಇಲ್ಲದೆ ಲಾಗಿನ್ ಆಗೋ ಕೀಲಿ ಫೈಲ್) ಇಟ್ಟವರು ಒಳಗೆ ಬರಬಹುದು. ಅದಕ್ಕೆ 'ಯೂಸರ್‌ಮಾಡ್ -ಇ 1' ಕೂಡ ಕೊಟ್ಟು ಅಕೌಂಟ್ ಅವಧಿ ಮುಗಿಸಿ. ಹೋಮ್ ಫೋಲ್ಡರ್ ಟಾರ್ ಮಾಡಿ (ಒಂದೇ ಫೈಲಾಗಿ ಕಟ್ಟಿ) ಹೊರಗಿನ ಡಿಸ್ಕಿಗೆ ಹಾಕಿ, ಅದು ತೆರೆಯುತ್ತಾ ಅಂತ ಒಮ್ಮೆ ನೋಡಿ. ಆಮೇಲೆ 'ಯೂಸರ್‌ಡೆಲ್ -ಆರ್' ಕೊಟ್ಟು ಅಕೌಂಟ್, ಹೋಮ್ ಫೋಲ್ಡರ್ ಎರಡೂ ಅಳಿಸಿ. ಕೊನೆಗೆ 'ಫೈಂಡ್ / -ನೋಯೂಸರ್' ಕೊಟ್ಟರೆ ವಾರಸುದಾರರಿಲ್ಲದ ಫೈಲ್ ಎಲ್ಲಾ ಸಿಗುತ್ತವೆ. ಪಾಸಾದ ಹುಡುಗರಿಗೆ ಒಂದು ಮೆಸೇಜ್ ಹಾಕಿ, ಪ್ರಾಜೆಕ್ಟ್ ಬೇಕಾದವರು ಇರುತ್ತಾರೆ.

ಉಳಿದ 120 ಜನಕ್ಕೆ ಕೋಟಾ (ಒಬ್ಬೊಬ್ಬರಿಗೆ ಡಿಸ್ಕ್ ಮಿತಿ) ಹಾಕಿ. ಸಾಫ್ಟ್ ಮಿತಿ (ಸ್ವಲ್ಪ ದಿನ ದಾಟಬಹುದು) 2 ಜಿಬಿ, ಹಾರ್ಡ್ (ದಾಟಲು ಬಿಡದ್ದು) 3 ಜಿಬಿ. ಎಲ್ಲರೂ ಪೂರ್ತಿ ತುಂಬಿಸಿದರೂ 360 ದಾಟೋಲ್ಲ. ಸಾಫ್ಟ್ ದಾಟಿದವರಿಗೆ ಸಾಮಾನ್ಯವಾಗಿ 7 ದಿನ ಟೈಮ್ ಇರುತ್ತದೆ, ಆಮೇಲೆ ಬರೆಯೋಕೆ ಬಿಡೋಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸರ್ವಿಸ್ ರೀಸ್ಟಾರ್ಟ್ ಮಾಡಿದ ಕ್ಷಣವೇ ಡಿಎಫ್ 373ಕ್ಕೆ ಇಳಿಯಿತು. ಆ ಹುಡುಗಿಗೆ ನಾಳೆ ಮೊದಲ ಬ್ಯಾಚಿನಲ್ಲೇ ಇನ್ನೊಮ್ಮೆ ಬರೆಯೋಕೆ ಮೇಡಂ ಒಪ್ಪಿದ್ದಾರೆ. ಹಳೆ 60 ಅಕೌಂಟ್‌ಗೆ ಅವಧಿ ಮುಗಿಸಿದ್ದೇನೆ, ಅಳಿಸಿಲ್ಲ. ಕೋಟಾಗೆ ಎಫ್‌ಎಸ್‌ಟ್ಯಾಬ್‌ನಲ್ಲಿ (ಡಿಸ್ಕ್ ಜೋಡಿಸುವ ಸೆಟ್ಟಿಂಗ್ ಫೈಲ್) 'ಯುಎಸ್‌ಆರ್‌ಕೋಟಾ' ಸೇರಿಸಬೇಕಂತಲ್ಲ, ಆ ಕೆಲಸ ಲ್ಯಾಬ್ ಖಾಲಿ ಇರುವ ಭಾನುವಾರ ಮಾಡುತ್ತೇನೆ.